ಮೊದಲು ಮನೆ, ಆಮೇಲೆ ಪಕ್ಷ: ಹಾಸನ ರಾಜಕಾರಣಕ್ಕೊಂದು ಪ್ರವೇಶಿಕೆ

ಬೆಂಗಳೂರಿನಿಂದ ಮಂಗಳೂರು ಹೆದ್ದಾರಿ ಹಿಡಿದರೆ ಮೊದಲು ಚನ್ನರಾಯಪಟ್ಟಣ, ಆಮೇಲೆ ಹಾಸನ. ಅಲ್ಲಿಂದ ಮೈಸೂರಿನ ಕಡೆ ತಿರುಗಿದರೆ ಹೊಳೆನರಸೀಪುರ, ಅದರ ಪಶ್ಚಿಮಕ್ಕೆ ಅರಕಲಗೂಡು. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ನಾಲ್ಕೂ ಕಡೆ ಗೆದ್ದದ್ದು ದೇವೇಗೌಡರ ಪಕ್ಷ ಜೆಡಿಎಸ್. ಮರುವರ್ಷವೇ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಆ ಪಕ್ಷ ಸೋತಿತು. 'ಗೌಡರ ಕೋಟೆ' ಎಂಬ ಮಾತನ್ನಷ್ಟೇ ನಂಬಿ ಬಂದ ಹೊರಗಿನವರಿಗೆ ಇದು ಒಗಟು. ಹಿಂದಿನ ಅರವತ್ತು ವರ್ಷ ಬಲ್ಲವರಿಗೆ ಅಲ್ಲ.

ಆರಂಭದಲ್ಲಿ ಇದು ಕಾಂಗ್ರೆಸ್ಸಿನ ನೆಲ. ಮೊದಲ ಮೂರು ಲೋಕಸಭೆಗಳಿಗೆ ಹಾಸನದಿಂದ ಹೋದವರು ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪ. 1962ರಲ್ಲಿ ಹೊಳೆನರಸೀಪುರದಲ್ಲಿ ಬಿರುಕು ಕಾಣಿಸಿತು. ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತು ಗೆದ್ದರು. ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿ, ಗುತ್ತಿಗೆ ಕೆಲಸ ಮಾಡಿ, ಸಹಕಾರ ಸಂಘದ ಮೂಲಕ ಮೇಲೆ ಬಂದವರು ಅವರು. ಕಾಂಗ್ರೆಸ್ ಒಡೆದಾಗ ಸಂಸ್ಥಾ ಕಾಂಗ್ರೆಸ್ ಸೇರಿದರು, ವಿರೋಧ ಪಕ್ಷದ ನಾಯಕರಾದರು, ತುರ್ತುಪರಿಸ್ಥಿತಿಯಲ್ಲಿ ಜೈಲಿಗೂ ಹೋದರು.

ಅವರ ರಾಜಕಾರಣದ ಬೇರು ನೀರಿನಲ್ಲಿತ್ತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದ ಮೇಲೆ ನಾಲೆ ಎಲ್ಲಿಗೆ ಹರಿಯಬೇಕು, ಯಾವ ಕೆರೆ ತುಂಬಬೇಕು ಎಂಬುದೇ ಓಟಿನ ವಿಷಯವಾಯಿತು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಲೋಕೋಪಯೋಗಿ, ನೀರಾವರಿ ಖಾತೆ ಹೊತ್ತಿದ್ದ ಗೌಡರು ನೀರಾವರಿಗೆ ಹಣ ಸಾಲದೆಂದು 1987ರಲ್ಲಿ ರಾಜೀನಾಮೆ ಕೊಟ್ಟರು. ಮುಂದಿನ ತಲೆಮಾರಿನಲ್ಲಿ ಅವರ ಮಗ ಎಚ್.ಡಿ. ರೇವಣ್ಣ ಈ ನೀರಿನ ರಾಜಕಾರಣಕ್ಕೆ ರಸ್ತೆ, ಕಾಲೇಜು, ಹಾಲು ಒಕ್ಕೂಟಗಳನ್ನು ಸೇರಿಸಿದರು. ಡೇರಿಗೆ ಹಾಲು ಹಾಕುವ ಮನೆಗೆ ರಾಜಕಾರಣ ದೂರದ ಸಂಗತಿಯಲ್ಲ.

ಆದರೂ ಈ ಜಿಲ್ಲೆ ತನ್ನ ನಾಯಕನನ್ನು ಮತ್ತೆ ಮತ್ತೆ ಸೋಲಿಸಿದೆ. 1989ರಲ್ಲಿ ಹೊಳೆನರಸೀಪುರದಲ್ಲೇ ಗೌಡರನ್ನು ಮಣಿಸಿದವರು ಜಿ. ಪುಟ್ಟಸ್ವಾಮಿಗೌಡ. 1991ರಲ್ಲಿ ಹಾಸನ ಗೌಡರನ್ನು ಲೋಕಸಭೆಗೆ ಕಳಿಸಿತು. 1994ರಲ್ಲಿ ಅವರು ಮುಖ್ಯಮಂತ್ರಿ, 1996ರಲ್ಲಿ ಪ್ರಧಾನಿ ಆದರು. 1999ರಲ್ಲಿ ಜನತಾದಳ ಒಡೆದು ಜೆಡಿಎಸ್ ಹುಟ್ಟಿದ ವರ್ಷ, ಮಾಜಿ ಪ್ರಧಾನಿ ಮತ್ತೆ ಪುಟ್ಟಸ್ವಾಮಿಗೌಡರಿಗೇ ಸೋತರು. 2004, 2009, 2014ರಲ್ಲಿ ಗೆದ್ದು, 2019ರಲ್ಲಿ ಕ್ಷೇತ್ರವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟುಕೊಟ್ಟರು. 2024ರಲ್ಲಿ ಪ್ರಜ್ವಲ್‌ರನ್ನು ಸೋಲಿಸಿದ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್, ಪುಟ್ಟಸ್ವಾಮಿಗೌಡರ ಮೊಮ್ಮಗ. ಹಿಂದಿನ ವರ್ಷ ಇದೇ ಶ್ರೇಯಸ್ ಹೊಳೆನರಸೀಪುರದಲ್ಲಿ ರೇವಣ್ಣನವರ ಎದುರು ಸ್ವಲ್ಪದರಲ್ಲೇ ಸೋತಿದ್ದರು. ಪ್ರಜ್ವಲ್ ವಿರುದ್ಧದ ಲೈಂಗಿಕ ದೌರ್ಜನ್ಯದ ಆರೋಪಗಳ ನಡುವೆ ನಡೆದ ಚುನಾವಣೆ 2024ರದು. 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ವಿಶೇಷ ನ್ಯಾಯಾಲಯ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಅರಕಲಗೂಡಿನಲ್ಲಿ ಪಕ್ಷದ ಬಣ್ಣ ಇನ್ನೂ ತೆಳು. ಎ. ಮಂಜು ಬಿಜೆಪಿಯಿಂದಲೂ ಕಾಂಗ್ರೆಸ್ಸಿನಿಂದಲೂ ಶಾಸಕರಾಗಿ, 2019ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಪ್ರಜ್ವಲ್ ವಿರುದ್ಧ ನಿಂತು ಸೋತು, ಆ ಆಯ್ಕೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2023ರಲ್ಲಿ ಜೆಡಿಎಸ್ ಶಾಸಕರಾದರು. ಅದೇ ಸೆಪ್ಟೆಂಬರ್‌ನಲ್ಲಿ, ಅವರು ಜೆಡಿಎಸ್‌ನಲ್ಲಿದ್ದಾಗಲೇ, ಹೈಕೋರ್ಟು ಪ್ರಜ್ವಲ್ ಆಯ್ಕೆಯನ್ನು ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ಹಾಸನ ನಗರದ್ದು ಬೇರೆ ಬಗೆ. ಎಚ್.ಎಸ್. ಪ್ರಕಾಶ್ ಬಹುಕಾಲ ಜೆಡಿಎಸ್‌ಗೆ ಉಳಿಸಿದ ಕ್ಷೇತ್ರವನ್ನು 2018ರಲ್ಲಿ ಬಿಜೆಪಿಯ ಪ್ರೀತಂ ಗೌಡ ಕಿತ್ತುಕೊಂಡರು. 2023ರಲ್ಲಿ ಟಿಕೆಟ್ ಬಯಸಿದ್ದವರು ರೇವಣ್ಣನವರ ಪತ್ನಿ ಭವಾನಿ. ಪಡೆದು ಗೆದ್ದವರು ಪ್ರಕಾಶರ ಮಗ ಸ್ವರೂಪ್. ಚನ್ನರಾಯಪಟ್ಟಣವನ್ನು ಒಳಗೊಂಡ ಶ್ರವಣಬೆಳಗೊಳ ಕ್ಷೇತ್ರ ಮಾತ್ರ ಸ್ಥಿರ: ಒಂದು ಕಾಲಕ್ಕೆ ಕಾಂಗ್ರೆಸ್ಸಿನ ಎಚ್.ಸಿ. ಶ್ರೀಕಂಠಯ್ಯನವರ ನೆಲೆ, 2013ರಿಂದ ಮೂರು ಬಾರಿ ಸಿ.ಎನ್. ಬಾಲಕೃಷ್ಣ.

ಎದುರಾಳಿಗಳಿಬ್ಬರೂ ಒಕ್ಕಲಿಗರೇ ಆಗಿರುವ ಕಡೆ ಜಾತಿ ಲೆಕ್ಕವೊಂದರಿಂದ ಫಲಿತಾಂಶ ಬಿಡಿಸಲಾಗದು. ಯಾವ ಮನೆ, ಯಾರ ವಿರುದ್ಧ, ಯಾರಿಗೆ ಮುನಿಸು ಎಂದು ಕೇಳಬೇಕು. ಮನೆತನಗಳು ಟಿಕೆಟ್ ಹಂಚಿಕೊಳ್ಳಬಹುದು. ಅವುಗಳಲ್ಲಿ ಯಾವುದನ್ನು ಯಾವಾಗ ಮನೆಗೆ ಕಳಿಸಬೇಕೆಂಬ ತೀರ್ಮಾನವನ್ನು ಮತದಾರ ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.