ಸ್ಪೆಕ್ಟ್ರಮ್ ಅನಲೈಸರ್‌ನ ರಕ್ಷಣೆ ಮತ್ತು ದುರಸ್ತಿ

ಸ್ಪೆಕ್ಟ್ರಮ್ ಅನಲೈಸರ್ ಅಥವಾ ರೋಹಿತ ವಿಶ್ಲೇಷಕವು ಒಂದು ರೇಡಿಯೊ ಸಂಕೇತದ ಯಾವ ಯಾವ ಆವರ್ತನಗಳಲ್ಲಿ ಎಷ್ಟೆಷ್ಟು ಶಕ್ತಿ ಇದೆ ಎಂಬುದನ್ನು ಪರದೆಯ ಮೇಲೆ ನಕ್ಷೆಯಾಗಿ ತೋರಿಸುವ ಪರೀಕ್ಷಾ ಉಪಕರಣ. ಪ್ರಸಾರ ಕೇಂದ್ರಗಳು, ದೂರಸಂಪರ್ಕ ಸಂಸ್ಥೆಗಳು, ಕಾಲೇಜು ಪ್ರಯೋಗಾಲಯಗಳು ಮತ್ತು ಹವ್ಯಾಸಿ ರೇಡಿಯೊ ಬಳಕೆದಾರರು ಇದನ್ನು ಉಪಯೋಗಿಸುತ್ತಾರೆ. ಅತಿ ಕ್ಷೀಣ ಸಂಕೇತಗಳನ್ನೂ ಗ್ರಹಿಸುವ ಸೂಕ್ಷ್ಮತೆಯಿಂದಾಗಿ ಇದರ ಪ್ರವೇಶ ಭಾಗವು ಸುಲಭವಾಗಿ ಹಾನಿಗೊಳ್ಳುತ್ತದೆ.

ಪ್ರವೇಶ ಭಾಗದ ರಚನೆ

ಸಂಕೇತವು ಸಾಮಾನ್ಯವಾಗಿ 50 ಓಮ್‌ನ ಕನೆಕ್ಟರ್ ಮೂಲಕ ಒಳಬಂದು, ಮೊದಲು ಅದನ್ನು ತಗ್ಗಿಸುವ ಅಟೆನ್ಯುಯೇಟರನ್ನು, ಬಳಿಕ ಮಿಕ್ಸರನ್ನು ತಲುಪುತ್ತದೆ. ಮಿಕ್ಸರ್‌ನಲ್ಲಿರುವ ಸೂಕ್ಷ್ಮ ಡಯೋಡ್‌ಗಳು ಹೆಚ್ಚಿನ ಶಕ್ತಿಯನ್ನು ತಾಳಲಾರವು.

ಹಾನಿಯ ಕಾರಣಗಳು

* ಅಧಿಕ ಶಕ್ತಿ: ಅನೇಕ ಮಾದರಿಗಳ ಗರಿಷ್ಠ ಮಿತಿ +30 ಡಿಬಿಎಂ, ಅಂದರೆ 1 ವ್ಯಾಟ್. 5 ವ್ಯಾಟ್‌ನ ವಾಕಿ-ಟಾಕಿಯನ್ನು ನೇರವಾಗಿ ಜೋಡಿಸಿದರೆ ಶಕ್ತಿಯು ಈ ಮಿತಿಯ ಐದು ಪಟ್ಟಾಗುತ್ತದೆ.
* ನೇರ ವಿದ್ಯುತ್: ಆಂಟೆನಾದ ಕೇಬಲ್‌ನಲ್ಲಿಯೇ ವರ್ಧಕಕ್ಕೆ ಡಿ.ಸಿ. ವಿದ್ಯುತ್ ಪೂರೈಸುವ ವ್ಯವಸ್ಥೆಗಳಲ್ಲಿ ಈ ಅಪಾಯವಿರುತ್ತದೆ. ಕೆಲವು ಮಾದರಿಗಳ ಡಿ.ಸಿ. ಮಿತಿ 0 ವೋಲ್ಟ್.
* ಸ್ಥಾಯಿ ವಿದ್ಯುತ್: ಸುಮಾರು 3,000 ವೋಲ್ಟ್‌ಗಿಂತ ಕಡಿಮೆಯ ವಿಸರ್ಜನೆ ಮನುಷ್ಯನ ಅನುಭವಕ್ಕೆ ಬರುವುದಿಲ್ಲ, ಡಯೋಡ್ ಕೆಡಲು ಅದಕ್ಕಿಂತ ಬಹಳ ಕಡಿಮೆ ಸಾಕು.

ಮುನ್ನೆಚ್ಚರಿಕೆಗಳು

ಸಂಕೇತದ ಶಕ್ತಿ ತಿಳಿಯದಿದ್ದಾಗ ಹೊರಗಿನಿಂದ ಅಟೆನ್ಯುಯೇಟರ್ ಜೋಡಿಸಬೇಕು. 30 ಡೆಸಿಬೆಲ್‌ನ ಅಟೆನ್ಯುಯೇಟರ್ 5 ವ್ಯಾಟನ್ನು 5 ಮಿಲಿವ್ಯಾಟ್‌ಗೆ ಇಳಿಸುತ್ತದೆ. ಆದರೆ ಮೂಲ ಶಕ್ತಿಯನ್ನು ತಾಳುವ ಸಾಮರ್ಥ್ಯ ಅದಕ್ಕಿರಬೇಕು. ಡಿ.ಸಿ.ಯನ್ನು ತಡೆಯಲು ಕೆಪಾಸಿಟರ್ ಉಳ್ಳ ಡಿ.ಸಿ. ಬ್ಲಾಕ್, ಹಠಾತ್ ಅಧಿಕ ಶಕ್ತಿಯನ್ನು ತಡೆಯಲು ಲಿಮಿಟರ್ ಬಳಕೆಯಲ್ಲಿವೆ.

ಕೇಬಲ್‌ನಲ್ಲಿ ಸಂಗ್ರಹವಾದ ವಿದ್ಯುದಾವೇಶವನ್ನು ಜೋಡಣೆಗೆ ಮೊದಲೇ ಹರಿಸಿಬಿಡಬೇಕು. ಕನೆಕ್ಟರ್ ಬಿಗಿಮಾಡುವಾಗ ಅದರ ನಟ್ಟನ್ನು ಮಾತ್ರ ತಿರುಗಿಸಬೇಕು. ಕೇಬಲನ್ನು ತಿರುಗಿಸಿದರೆ ನಡುವಿನ ಪಿನ್ ಸವೆಯುತ್ತದೆ. 50 ಓಮ್‌ನ ಎನ್ ಮಾದರಿಯ ಪಿನ್ 75 ಓಮ್‌ನದಕ್ಕಿಂತ ದಪ್ಪವಾದುದರಿಂದ, ಅದನ್ನು 75 ಓಮ್‌ನ ಕನೆಕ್ಟರ್‌ಗೆ ಒತ್ತಿ ಸೇರಿಸಿದರೆ ಅದರ ನಡುವಿನ ಸಂಪರ್ಕಭಾಗ ಹಾಳಾಗುತ್ತದೆ.

ದೋಷ ಪತ್ತೆ ಮತ್ತು ದುರಸ್ತಿ

ಹಾನಿಗೊಂಡ ಉಪಕರಣವು ಕೆಲವೊಮ್ಮೆ ಎಂದಿನಂತೆ ಕೆಲಸ ಮಾಡುತ್ತಲೇ ತಪ್ಪು ಅಳತೆಯನ್ನು ತೋರಿಸುತ್ತದೆ. ಪ್ರಸಾರಕವೊಂದರ ಅನಪೇಕ್ಷಿತ ಸೂಸುವಿಕೆ ಮಿತಿ ಮೀರಿದ್ದರೂ ಪರದೆಯ ಮೇಲೆ ಮಿತಿಯೊಳಗಿರುವಂತೆ ಕಾಣಬಹುದು. ಆದ್ದರಿಂದ ಮಟ್ಟ ಗೊತ್ತಿರುವ ಸಂಕೇತದಿಂದ ಆಗಾಗ ಪರೀಕ್ಷಿಸುವುದು ಅಗತ್ಯ.

ಅನೇಕ ಮಾದರಿಗಳಲ್ಲಿ ಇದಕ್ಕಾಗಿ ಒಳಗೇ ಒಂದು ಪ್ರಮಾಣಿತ ಸಂಕೇತವಿರುತ್ತದೆ. ಅಟೆನ್ಯುಯೇಟರನ್ನು ಹಂತಹಂತವಾಗಿ ಬದಲಿಸಿದರೂ ತೋರುವ ಮಟ್ಟ ಬಹುತೇಕ ಒಂದೇ ಆಗಿರಬೇಕು. ಕೆಲವೇ ಹಂತಗಳಲ್ಲಿ ವ್ಯತ್ಯಾಸ ಕಂಡರೆ ಅಟೆನ್ಯುಯೇಟರ್‌ನ ಆ ಭಾಗವನ್ನೂ, ಎಲ್ಲ ಹಂತಗಳಲ್ಲಿಯೂ ಮಟ್ಟ ಕಡಿಮೆಯಾಗಿದ್ದರೆ ಮಿಕ್ಸರ್ ಅಥವಾ ಅದರ ಮುಂದಿನ ಹಂತಗಳನ್ನೂ ಶಂಕಿಸಲಾಗುತ್ತದೆ.

ಬಿಡಿಭಾಗಗಳನ್ನು ಮುಟ್ಟುವಾಗ 1 ಮೆಗಾಓಮ್ ರೋಧಕವುಳ್ಳ ಮಣಿಕಟ್ಟಿನ ಭೂಸಂಪರ್ಕ ಪಟ್ಟಿಯನ್ನು ಧರಿಸುತ್ತಾರೆ. ಆದರೆ ಚಿತ್ರನಳಿಕೆಯುಳ್ಳ ಹಳೆಯ ಮಾದರಿಗಳಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಸ್ವಿಚ್ ಆರಿಸಿದ ಬಳಿಕವೂ ಅದು ಸ್ವಲ್ಪ ಕಾಲ ಉಳಿಯಬಹುದು. ವಿದ್ಯುತ್ ಹರಿಯುತ್ತಿರುವಾಗ ಅವುಗಳ ಒಳಗೆ ಕೆಲಸ ಮಾಡುವವರು ಈ ಪಟ್ಟಿಯನ್ನು ಧರಿಸಬಾರದು.

ಮಾಪನಾಂಕ ನಿರ್ಣಯ

ಪ್ರವೇಶ ಭಾಗದ ಯಾವುದೇ ಅಂಗವನ್ನು ಬದಲಿಸಿದ ನಂತರ ಮಾಪನಾಂಕ ನಿರ್ಣಯವನ್ನು ಹೊಸದಾಗಿ ಮಾಡಬೇಕಾಗುತ್ತದೆ. ಭಾರತದಲ್ಲಿ ಮಾಪನದ ರಾಷ್ಟ್ರೀಯ ಮಾನಕಗಳನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ನಿರ್ವಹಿಸುತ್ತದೆ.