ಕೆರೆಯಂಗಳ ಯಾರ ಆಟಕ್ಕೆ?

ಗಾಲ್ಫ್ ಕ್ಲಬ್ಬಿನ ಚರಿತ್ರೆಯನ್ನು ಕಪ್ ಗೆದ್ದವರ ಫಲಕಕ್ಕಿಂತ ನೆಲದ ಪಹಣಿಯಲ್ಲಿ ಹುಡುಕುವುದು ಲೇಸು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದ್ದು 1881ರಲ್ಲಿ. ಅಂದರೆ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ, ದಂಡಿನ ಊರಿನ ಬಿಡುವಿನ ಹೊತ್ತಿಗೆಂದು ಈ ಆಟ ಇಲ್ಲಿ ಬೇರುಬಿಟ್ಟಿತು. ಸ್ವಾತಂತ್ರ್ಯದ ನಂತರ ಬಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಸೊಗಸಾದದ್ದೇ. ಬ್ರಿಟಿಷ್ ಓಪನ್ ಐದು ಸಲ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಅದನ್ನು ರೂಪಿಸಿದರು. ನೆಲ ಮಾತ್ರ ಚಲ್ಲಘಟ್ಟ ಕೆರೆಯ ಅಂಗಳದ್ದು. ದೊರೆಗಳು ಹೋದರೂ ಬೇಲಿ ಉಳಿಯಿತು, ಅಷ್ಟೇ ಅಲ್ಲ, ಊರಿನ ನೀರಿನ ಜಾಗಕ್ಕೂ ಬಂತು.

ಕ್ಲಬ್ ಇಲ್ಲದಿದ್ದರೆ ಅಲ್ಲಿ ಅಪಾರ್ಟ್‌ಮೆಂಟು ಎದ್ದಿರುತ್ತಿತ್ತು, ಹಸಿರಾದರೂ ಉಳಿಯಿತಲ್ಲ ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಹುಬ್ಬಳ್ಳಿ-ಧಾರವಾಡ ರಸ್ತೆಗೆ ಅಂಟಿಕೊಂಡ ಉಣಕಲ್ ಕೆರೆ ಯಾವ ಕ್ಲಬ್ಬಿನ ಹಂಗೂ ಇಲ್ಲದೆ ಕೆರೆಯಾಗಿಯೇ ಉಳಿದಿದೆ. ಹತ್ತಿರದಲ್ಲೇ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ, ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ಚತುರ್ಮುಖ ಲಿಂಗ. ದಂಡೆಯ ಮೇಲೆ ಅಡ್ಡಾಡಲು ಸದಸ್ಯತ್ವ ಬೇಕಿಲ್ಲ. ಹಾಗೆಂದು ಎಲ್ಲರದಾದದ್ದು ತಾನಾಗಿ ಚೆಂದವಾಗಿ ಇರುವುದಿಲ್ಲ: ಚರಂಡಿ ನೀರು ಸೇರಿ ಅಂತರಗಂಗೆ ಕಳೆ ಕೆರೆಯನ್ನು ಮತ್ತೆಮತ್ತೆ ಮುಚ್ಚಿದೆ. ಗಾಲ್ಫ್ ಹುಲ್ಲಿಗೆ ದಿನಾ ಕತ್ತರಿ ಬೀಳುತ್ತದೆ, ಏಕೆಂದರೆ ಅದಕ್ಕೆ ವಂತಿಗೆ ಕೊಡುವವರಿದ್ದಾರೆ. ಇದು ನಿರ್ವಹಣೆಯ ಹಣದ ಪ್ರಶ್ನೆ. ಬೇಲಿ ಹಾಕುವುದಕ್ಕೆ ಸಮರ್ಥನೆಯಲ್ಲ. ಉಣಕಲ್ ನಾಲಾದ ಪಕ್ಕ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಡಿಗೆ-ಸೈಕಲ್ ದಾರಿ ಕೈಗೆತ್ತಿಕೊಂಡಾಗ ಅದಕ್ಕೆ ಹಣ ಬಂದದ್ದು ಸಾರ್ವಜನಿಕ ಬೊಕ್ಕಸದಿಂದಲೇ.