ಫ್ಲಾರೆನ್ಸ್ ಇಲ್ಲದ ಮೆಕಿಯವೆಲ್ಲಿ

ನಮ್ಮ ರಾಜ್ಯಶಾಸ್ತ್ರದ ತರಗತಿಗಳಲ್ಲಿ ಮೆಕಿಯವೆಲ್ಲಿಗೆ ಊರೇ ಇಲ್ಲ. 'ದಿ ಪ್ರಿನ್ಸ್'ನಿಂದ ಹೆಕ್ಕಿದ ನಾಲ್ಕು ಸೂತ್ರ, ಕೌಟಿಲ್ಯನೊಡನೆ ಹೋಲಿಸಿ ಬರೆಯಿರಿ ಎಂಬ ಹತ್ತು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಈಚೆಗೆ ಮ್ಯಾನೇಜ್‌ಮೆಂಟ್ ಗುರುಗಳೂ ಮೆಕಿಯವೆಲ್ಲಿಯನ್ನು ಹಿಡಿದುಕೊಂಡಿದ್ದಾರೆ. ಆತ ಹುಟ್ಟಿ, ಗುಮಾಸ್ತಿಕೆ ಮಾಡಿ, ಜೈಲು ಕಂಡ ಫ್ಲಾರೆನ್ಸ್ ನಗರದ ಮೂಲಕ ಆತನನ್ನು ಓದುವ ದೊಡ್ಡ ಪರಂಪರೆಯೊಂದು ಇದೆ; ನಮ್ಮಲ್ಲಿ ಅದರ ಸುದ್ದಿಯೇ ಇಲ್ಲ.

ಆ ಪರಂಪರೆಗೂ ಮುಂಚೆ, ಮೊದಲ ಮೂರು ಶತಮಾನ ಬಹುಮಟ್ಟಿಗೆ ಬೈಗುಳದಲ್ಲೇ ಕಳೆದವು. 'ದಿ ಪ್ರಿನ್ಸ್' ಅಚ್ಚಾದದ್ದು 1532ರಲ್ಲಿ, ಕರ್ತೃ ಸತ್ತು ಐದು ವರ್ಷಕ್ಕೆ. 1559ರಲ್ಲಿ ಪೋಪ್ ನಿಷೇಧಿಸಿದ. 1740ರಲ್ಲಿ ಪ್ರಶ್ಯದ ಪಟ್ಟವೇರಿದ ಫ್ರೆಡರಿಕ್ ಖಂಡನಗ್ರಂಥ ಹೊರಡಿಸಿ, ಅದೇ ವರ್ಷ ಸೈಲೀಸಿಯಕ್ಕೆ ನುಗ್ಗಿದ! 19ನೆಯ ಶತಮಾನದ ಕೊನೆಗೆ ಇತಿಹಾಸಕಾರ ಪಾಸ್ಕ್ವಾಲೆ ವಿಲ್ಲಾರಿ ಮೆಕಿಯವೆಲ್ಲಿಯ ಜೊತೆಗೆ 'ಅವನ ಕಾಲ'ವನ್ನೂ ಬರೆದರು. ಕಾಲ ಬಂತು, ಫ್ಲಾರೆನ್ಸಿನ ಬೀದಿ ಇನ್ನೂ ಬರಲಿಲ್ಲ.

ಬೀದಿ ಬಂದದ್ದು 1950ರ ದಶಕದಲ್ಲಿ. 1954ರಲ್ಲಿ ರಿಡಾಲ್ಫಿಯವರು ಬರೆದ ಮೆಕಿಯವೆಲ್ಲಿಯ ಜೀವನಚರಿತ್ರೆ ಬಂತು. ಅದೇ ವರ್ಷ ಆತನ ತಂದೆ ಬರ್ನಾರ್ಡೊನ ಲೆಕ್ಕದ ಪುಸ್ತಕವೂ ಅಚ್ಚಾಯಿತು. ಕಾನೂನು ಓದಿದ್ದ ಬರ್ನಾರ್ಡೊಗೆ ಕೈ ಸದಾ ಬಿಗಿ. ಲಿವಿಯ ರೋಮನ್ ಇತಿಹಾಸಕ್ಕೆ ಸ್ಥಳನಾಮಗಳ ಸೂಚಿ ಮಾಡಿಕೊಟ್ಟು, ಕೂಲಿಯಾಗಿ ಆ ಪುಸ್ತಕದ ಪ್ರತಿಯನ್ನೇ ಪಡೆದ. ಮಗ ಮುಂದೆ 'ಡಿಸ್ಕೋರ್ಸಸ್' ಬರೆದದ್ದು ಇದೇ ಲಿವಿಯ ಮೇಲೆ.

ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಇತಿಹಾಸಕಾರರಾದ ಫೆಲಿಕ್ಸ್ ಗಿಲ್ಬರ್ಟ್, ನಿಕೊಲಾಯ್ ರೂಬಿನ್‌ಸ್ಟೈನ್ ಫ್ಲಾರೆನ್ಸಿನ ಕಡತಗಳಿಗೇ ಕೈಹಾಕಿದರು. ನನ್ನ ಮಟ್ಟಿಗೆ ಈ ಕ್ಷೇತ್ರದ ಬುನಾದಿ ಇವರೇ. ಫ್ಲಾರೆನ್ಸಿನ ಅತ್ಯುನ್ನತ ಮಂಡಳಿಯ ಅವಧಿ ಎರಡೇ ತಿಂಗಳು. ಚೀಲದಿಂದ ಹೆಸರಿನ ಚೀಟಿ ಎತ್ತಿ ಸದಸ್ಯರನ್ನು ಆರಿಸುತ್ತಿದ್ದರು. ಗಣರಾಜ್ಯದ ನಿಯಮ ಮುರಿಯದೆಯೇ ಮೆಡಿಚಿ ಮನೆತನದವರು ಆಳಿದರು: ಚೀಲಕ್ಕೆ ಯಾರ ಚೀಟಿ ಬೀಳಬೇಕೆಂದು ನಿರ್ಧರಿಸುವವರು ಅವರ ಕಡೆಯವರಾಗಿದ್ದರೆ ಸಾಕಿತ್ತು. 1966ರ ಗ್ರಂಥದಲ್ಲಿ ರೂಬಿನ್‌ಸ್ಟೈನ್ ಇದನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ತೋರಿಕೆ, ವಾಸ್ತವಗಳ ಬಗ್ಗೆ ಮೆಕಿಯವೆಲ್ಲಿ ಆಡುವ ಮಾತು ಎಲ್ಲಿಂದ ಬಂತೆಂದು ತಿಳಿಯಲು ಇದನ್ನು ಓದಬೇಕು. ಇದಕ್ಕೆ ವ್ಯತಿರಿಕ್ತವಾಗಿ, ತತ್ವಜ್ಞ ಲಿಯೊ ಸ್ಟ್ರಾಸ್ 1958ರಲ್ಲಿ ಮೆಕಿಯವೆಲ್ಲಿಯ ಬಗ್ಗೆ ಬರೆದ ಗ್ರಂಥ ಬಹಳ ಜಾಣತನದ್ದು. ಫ್ಲಾರೆನ್ಸಿನ ಧೂಳು ಮಾತ್ರ ಅದಕ್ಕೆ ಅಂಟಿಲ್ಲ. ಇತಿಹಾಸಕಾರ ಪೊಕಾಕ್ (1975) ಮೆಕಿಯವೆಲ್ಲಿಯನ್ನು ಅಟ್ಲಾಂಟಿಕ್ ದಾಟಿಸಿ ಅಮೆರಿಕಕ್ಕೆ ಒಯ್ದರು. ಆಮೇಲೆ ಬಹಳ ಮಂದಿ ವಿದ್ವಾಂಸರು ಅಲ್ಲೇ ಉಳಿದರು.

2002ರಿಂದಾಚೆ ಮೆಕಿಯವೆಲ್ಲಿಯ ಕಚೇರಿ ಪತ್ರಗಳು ಏಳು ಸಂಪುಟಗಳಲ್ಲಿ ಬಂದಿವೆ. 1498ರಿಂದ 1512ರವರೆಗೆ ಎರಡನೆಯ ಚಾನ್ಸರಿ ಎಂಬ ಸರಕಾರಿ ಕಚೇರಿಯ ಕೆಲಸದಲ್ಲಿ ಬರೆದವು: ಸುತ್ತಲ ಹಳ್ಳಿಗಳ ತಂಟೆ, ಪೀಸಾ ಮುತ್ತಿಗೆ, ಸೈನಿಕರ ಬಟವಾಡೆ. ಉಲ್ಲೇಖಿಸುವವರು ಬಹಳ, ಓದುವವರು ಕಡಿಮೆ.

ಓದಿದ್ದರೆ ರೈತರು ಕಣ್ಣಿಗೆ ಬೀಳುತ್ತಿದ್ದರು. 1506ರ ಫೆಬ್ರವರಿಯಲ್ಲಿ ಮೆಕಿಯವೆಲ್ಲಿ ಕಟ್ಟಿದ ಸ್ಥಳೀಯ ಸೇನೆ ಫ್ಲಾರೆನ್ಸಿನ ಸಿನ್ಯೋರಿಯ ಚೌಕದಲ್ಲಿ ಮೊದಲ ಬಾರಿ ಮೆರವಣಿಗೆ ಮಾಡಿತು. ಬಿಳಿ ಅಂಗಿ, ಅರ್ಧ ಕೆಂಪು ಅರ್ಧ ಬಿಳಿಯ ಕಾಲುಚೀಲ, ಎದೆಗೆ ಕಬ್ಬಿಣದ ಕವಚ, ಕೈಯಲ್ಲಿ ಈಟಿ ಎಂದು ಲಾಂಡೂಚಿ ಎಂಬ ಔಷಧ ವ್ಯಾಪಾರಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅದು ನಾನೂರು ಹಳ್ಳಿಗರ ಪಡೆ. ಹಳ್ಳಿಗರೇ ಏಕೆಂದರೆ, ತನ್ನ ಪೌರರ ಕೈಗೆ ಆಯುಧ ಕೊಡಲು ನಗರಕ್ಕೆ ಅಂಜಿಕೆ. 1512ರಲ್ಲಿ ಪ್ರಾತೊ ಎಂಬ ಪಟ್ಟಣದಲ್ಲಿ ಸ್ಪೇನಿನ ಸೇನೆಯ ಎದುರು ಈ ಪಡೆ ಚದುರಿತು. ಮೆಡಿಚಿಗಳು ಮರಳಿದರು, ಮೆಕಿಯವೆಲ್ಲಿ ಕೆಲಸ ಕಳೆದುಕೊಂಡ. ಸೋಲನ್ನು ಆತನ ಸಿದ್ಧಾಂತದ ಸೋಲೆಂದು ಪುಟಗಟ್ಟಲೆ ಚರ್ಚಿಸಿದವರು, ಉಳುಮೆ ಬಿಡಿಸಿ ಕರೆತಂದ ಆ ರೈತರ ಬಗ್ಗೆ ಬರೆದದ್ದು ಅತ್ಯಲ್ಪ.

ಹೊಸದಾಗಿ ಸಂಶೋಧನೆಗೆ ಇಳಿಯುವವರು ಕೌಟಿಲ್ಯ–ಮೆಕಿಯವೆಲ್ಲಿ ತುಲನೆಯನ್ನು ದಯವಿಟ್ಟು ಇನ್ನು ಸಾಕುಮಾಡಿ, ಇಟಾಲಿಯನ್ ಕಲಿತು ಆ ಏಳು ಸಂಪುಟಗಳನ್ನು ತೆರೆಯಲಿ.